ಆಪರೇಷನ್ ಮಾಡಿಸಿಕೊಂಡಿದ್ದೇ ತಪ್ಪಾ?

ನಮಸ್ಕಾರ. ಇವತ್ತು ಬೇರೆ ಏನೋ ಮಾತಾಡಬೇಕು ಅಂತಿದ್ದೆ. ಆದರೆ ಯುರೋಪ್ ಪ್ರವಾಸಕ್ಕೆ ಹೊರಟರೆ ನನ್ನ ಹಳೆ ಕಾಯಿಲೆಗೆ ಟ್ರಾವೆಲ್ ಇನ್ಶೂರೆನ್ಸ್ ಸಿಗುತ್ತಿಲ್ಲ ಅಂತ ಹೋದ ವಿಡಿಯೋದಲ್ಲಿ ಗೋಳಾಡಿದ್ದೆನಲ್ಲ, ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಮೇಡಂ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಾ? ಟ್ರಾವೆಲ್ ಇನ್ಶೂರೆನ್ಸ್ ಫಾರ್ಮಲ್ಲಿ ಕಾಯಿಲೆ ಇಲ್ಲ ಅಂತ ಟಿಕ್ ಮಾಡಿ, ವಿಮಾನ ಹತ್ತಿ." ಸ್ವಾಮಿ, ನನ್ನ ತಲೆ ಹುಟ್ಟಿದಾಗಲೇ ಸ್ವಲ್ಪ ಕೆಟ್ಟಿತ್ತು. ಡಾಕ್ಟರು ರಿಪೇರಿ ಮಾಡಿಕೊಟ್ಟಿದ್ದಾರೆ. ರಗಳೆ ಇರುವುದೇ ಆ ರಿಪೇರಿಯಲ್ಲಿ.

ಹೊಸಬರಿಗೆ ಹೇಳಿಬಿಡುತ್ತೇನೆ. ನನಗಿರುವುದು ಕಿಯಾರಿ ಮಾಲ್‌ಫಾರ್ಮೇಶನ್, ಟೈಪ್ 1. ಹ್ಯಾನ್ಸ್ ಕಿಯಾರಿ ಅನ್ನುವ ವೈದ್ಯ 1891ರಲ್ಲಿ ವಿವರಿಸಿದ್ದು. ಕಿರುಮೆದುಳಿನ ಕೆಳತುದಿ ಬುರುಡೆಯ ತಳದ ತೂತಿನಿಂದ ಕುತ್ತಿಗೆ ಕಡೆಗೆ ಇಳಿದಿರುತ್ತದೆ. ಸಾಮಾನ್ಯವಾಗಿ 5 ಮಿಲಿಮೀಟರ್ ಇಳಿದಿದ್ದರೆ ಕಿಯಾರಿ ಅನ್ನುತ್ತಾರೆ. ಕೆಮ್ಮಿದರೆ, ನಕ್ಕರೆ ತಲೆಯ ಹಿಂಭಾಗ ಸಿಡಿಯುತ್ತದೆ. ಕೆಲವರಿಗೆ ಬೆನ್ನುಹುರಿಯೊಳಗೆ ನೀರು ತುಂಬಿ ಕೈ ಜೋಮು ಹಿಡಿಯುತ್ತದೆ. ಆಪರೇಷನ್‌ನಲ್ಲಿ ಬುರುಡೆಯ ಹಿಂದಿನ ಮೂಳೆಯನ್ನು ಒಂದಿಷ್ಟು ತೆಗೆದು ಜಾಗ ಮಾಡಿಕೊಡುತ್ತಾರೆ. ನನ್ನ ಜಡೆಯ ಕೆಳಗೆ ಅದರ ಗುರುತಿದೆ. ಥಂಬ್‌ನೇಲ್‌ಗೆ ಅದರ ಫೋಟೋ ಬೇಕಂತೆ ನಮ್ಮ ಎಡಿಟರ್‌ಗೆ. ಕೊಡಲ್ಲ.

ಈಗ ನೋಡಿ. ಎಷ್ಟೋ ಜನರಿಗೆ ಕಿಯಾರಿ ಇರುವುದು ಗೊತ್ತೇ ಇರುವುದಿಲ್ಲ. ಬೇರೆ ಯಾವುದಕ್ಕೋ ಎಂಆರ್‌ಐ ಮಾಡಿಸಿದಾಗ ಕಾಣಿಸುತ್ತದೆ. ಸ್ಕ್ಯಾನೇ ಮಾಡಿಸದವರು ಐದು ನಿಮಿಷದಲ್ಲಿ ಪಾಲಿಸಿ ತಗೊಂಡು ಹೋಗುತ್ತಾರೆ. ಸ್ಕ್ಯಾನ್ ಮಾಡಿಸಿ, ಆಪರೇಷನ್ ಮಾಡಿಸಿಕೊಂಡು, ಎಲ್ಲ ಸರಿ ಇದೆ ಅನ್ನಿಸಿಕೊಂಡವಳು ಅಪಾಯದವಳು! ಇದ್ಯಾವ ಲೆಕ್ಕ?

ಒಂದು ಕಂಪನಿಗೆ ಫೋನ್ ಮಾಡಿದೆ. ಕಿಯಾರಿ ಅಂದೆ. "ಕ್ಯಾರಿ ಬ್ಯಾಗಾ ಮೇಡಂ? ಲಗೇಜ್ ಕವರ್ ಬೇರೆ ಇದೆ" ಅಂದರು. ಅವರ ಕಾಯಿಲೆಗಳ ಪಟ್ಟಿಯಲ್ಲಿ ಕಿಯಾರಿ ಇಲ್ಲ, 'ನರರೋಗ' ಅಂತಷ್ಟೇ ಇದೆ, ಅದಕ್ಕೆ ವಿಮೆ ಆಗಲ್ಲವಂತೆ. ಸರ್ಜನ್ ಕೊಟ್ಟ ಪತ್ರ ಇದೆ ಅಂದೆ. ಪತ್ರ ನೋಡುವ ಪದ್ಧತಿಯೇ ಇಲ್ಲವಂತೆ. ಪ್ರೀಮಿಯಂ ಜಾಸ್ತಿ ತಗೊಳ್ಳಿ ಅಂದೆ. ಅದೂ ಆಗಲ್ಲವಂತೆ. ಅಲ್ರೀ, ವ್ಯಾಪಾರನಾದರೂ ಮಾಡಿ!

ಟಿಕ್ ಮಾಡಿ ಅನ್ನುವವರು ಕೇಳಿ. ವಿಮೆ ನಿಂತಿರುವುದೇ ಮುಚ್ಚಿಡಬಾರದು ಅನ್ನುವುದರ ಮೇಲೆ. ನಾಳೆ ರೋಮ್‌ನಲ್ಲಿ ಜಾರಿ ಬಿದ್ದರೆ ಆಸ್ಪತ್ರೆಯವರು ಮೊದಲು ಕೇಳುವುದೇ ಹಿಂದೆ ಆಪರೇಷನ್ ಆಗಿದೆಯಾ ಅಂತ. ಸುಳ್ಳು ಹೇಳಿದ್ದು ಗೊತ್ತಾದರೆ ಕಾಲು ಮುರಿದದ್ದಕ್ಕೂ ದುಡ್ಡು ಕೈತಪ್ಪಬಹುದು. ಆಮೇಲೆ ಬಿಲ್ ಕಟ್ಟುವುದಕ್ಕೆ ನೀವು ಬರುತ್ತೀರಾ? ಎಮೋಜಿ ಕಳಿಸುತ್ತೀರಾ.

ಇನ್ನೊಬ್ಬರು ಕಾನೂನು ಪಂಡಿತರು. "2024ರಲ್ಲಿ ವಿಮೆ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ, ಹಳೆ ಕಾಯಿಲೆಗೆ ವಿಮೆ ಸಿಗಲು ಕಾಯಬೇಕಾದ ಗರಿಷ್ಠ ಅವಧಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿದೆಯಲ್ಲ?" ಇಳಿಸಿದೆ. ಅದು ಇಲ್ಲಿನ ಆರೋಗ್ಯ ವಿಮೆಯ ಮಾತು. ನಾನು ಹೋಗುವುದು ಎರಡು ವಾರಕ್ಕೆ. ಪ್ಯಾರಿಸ್‌ನಲ್ಲಿ 36 ತಿಂಗಳು ಕಾಯುತ್ತಾ ಕೂತರೆ ವೀಸಾ ಮುಗಿದು ಪೊಲೀಸರೇ ಪುಕ್ಕಟೆ ಊರಿಗೆ ಕಳಿಸುತ್ತಾರೆ.

ವೀಸಾ ಅಂದ ಕೂಡಲೇ ನೆನಪಾಯಿತು. ಷೆಂಗೆನ್ ವೀಸಾಗೆ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾಗೆ, ಕಡಿಮೆ ಅಂದರೂ 30,000 ಯೂರೋ ಮೊತ್ತದ ವಿಮೆ ಬೇಕು. ಆ ಕಾಗದ ನನಗೂ ಸಿಗುತ್ತದೆ. ವೀಸಾನೂ ಬರುತ್ತದೆ. ಒಳಗೆ ಸಣ್ಣಕ್ಷರದಲ್ಲಿ ಹಳೆ ಕಾಯಿಲೆ ಹೊರಗಿಟ್ಟಿರುತ್ತಾರೆ. ಕೆಲವು ಪಾಲಿಸಿಗಳಲ್ಲಿ ಪ್ರಾಣಕ್ಕೇ ಬಂದರೆ ಮಾತ್ರ ಕೊಡುತ್ತಾರೆ, ಅದೂ ಒಂದು ಮಿತಿಯೊಳಗೆ. ಸ್ಕ್ಯಾನ್ ಮಾಡಿಸದ ಪುಣ್ಯಾತ್ಮರಿಗೆ ಈ ಸಾಲು ಓದುವ ಕೆಲಸವೇ ಇಲ್ಲ. ಮಾಡಿಸಿಕೊಂಡ ನನಗೆ ಭೂತಗನ್ನಡಿ!

ಬ್ರಿಟನ್‌ನಲ್ಲಾದರೆ ವಿಮೆ ಕಂಪನಿಯವರು ಕೂತು ಪ್ರಶ್ನೆ ಕೇಳುತ್ತಾರೆ. ಆಪರೇಷನ್ ಯಾವಾಗ, ಈಗ ಏನು ಮಾತ್ರೆ, ಮತ್ತೆ ಆಸ್ಪತ್ರೆ ಸೇರಿದ್ದಿರಾ? ಉತ್ತರ ನೋಡಿ ಬೆಲೆ ಹೇಳುತ್ತಾರೆ. ದುಬಾರಿಯೇ. ಆದರೆ ಹಳೆ ಕಾಯಿಲೆಗೆ ಆಗಲ್ಲ ಅಂದ ಕಂಪನಿ, ಕೊಡುವವರ ಪಟ್ಟಿಯ ದಾರಿ ತೋರಿಸಬೇಕು ಅಂತ ಅಲ್ಲಿ ನಿಯಮವೇ ಇದೆ. ನಮ್ಮಲ್ಲಿ ಫೋನ್ ಕಟ್ ಮಾಡಿ ಸ್ಟಾರ್ ರೇಟಿಂಗ್ ಕೊಡಿ ಅಂತ ಮೆಸೇಜ್ ಕಳಿಸುತ್ತಾರೆ.

"ಕಂಪನಿ ಧರ್ಮಛತ್ರ ಅಲ್ಲ ಮೇಡಂ." ಗೊತ್ತು ಕಣ್ರೀ. ಛತ್ರದವರಾದರೂ ಊಟ ಆಯ್ತಾ ಅಂತ ಕೇಳುತ್ತಾರೆ. ಇವರು ಬೇರೆ ಏನನ್ನೂ ಕೇಳಲ್ಲ! ಆಪರೇಷನ್ ಆಯ್ತಾ, ಆಯ್ತು, ಹೊರಗೆ. ಮಾಡಿಸದೆ ಇದ್ದಿದ್ದರೆ? ಬನ್ನಿ ಬನ್ನಿ. ಇನ್ನೇನು ಬೇಕು ನಿಮಗೆ, ಗ್ರಾಫ್ ಹಾಕಿ ತೋರಿಸಲಾ? ಮಾಡಿಸಿಕೊಂಡವಳೇ ಕೆಟ್ಟವಳು. ಅಷ್ಟೇ. ಮುಗೀತು.

ಈ ಸಂಚಿಕೆಗೆ ಪ್ರಾಯೋಜಕರಿಲ್ಲ. ವಿಮೆ ಕಂಪನಿ ಅಂತೂ ಇನ್ನು ಈ ಜನ್ಮದಲ್ಲಿ ಬರಲ್ಲ, ಅದಕ್ಕೇ ಮೆಂಬರ್‌ಶಿಪ್ ತಗೊಳ್ಳಿ. ಕುತ್ತಿಗೆ ದಿಂಬಿನ ಲಿಂಕ್ ಕೆಳಗಿದೆ, ನೀವು ಕೊಂಡರೆ ನನಗೆ ನಾಲ್ಕು ಕಾಸು. ನಿಮಗೂ ಹೀಗೆ ಆಗಲ್ಲ ಅಂತ ಬಂದ ಮೇಲ್ ಇದ್ದರೆ ಕಳಿಸಿ, ಒಂದೊಂದನ್ನೂ ಜೋರಾಗಿ ಓದುತ್ತೇನೆ. ಎಡಿಟರ್, ಮ್ಯೂಸಿಕ್ ಹಾಕಪ್ಪ. ಫೋಟೋ ಕೊಡಲ್ಲ ಅಂದೆನಲ್ಲ!