ಕಾಲ ಕೆಳಗಿನ ಮರಳು ಯಾರದ್ದು?

ನಮಸ್ಕಾರ. ಒಂದು ದೇಶ ತನ್ನ ನೆಲವನ್ನೇ ಅಕ್ಕಪಕ್ಕದ ದೇಶಗಳಿಂದ ಕೊಂಡು ತಂದರೆ, ಆ ನೆಲ ಯಾರದ್ದು? ಇದು ಒಗಟಲ್ಲ. ಸಿಂಗಾಪುರದಲ್ಲಿ ನಿಜವಾಗಿ ನಡೆದಿರುವುದು.

1965ರ ಆಗಸ್ಟ್ 9ರಂದು ಸಿಂಗಾಪುರ ಮಲೇಷ್ಯಾದಿಂದ ಬೇರೆಯಾಯಿತು. ಆಗ ಅದರ ವಿಸ್ತೀರ್ಣ ಸುಮಾರು 580 ಚದರ ಕಿಲೋಮೀಟರ್. ಈಗ 730ಕ್ಕೂ ಜಾಸ್ತಿ. ಆ ಹೆಚ್ಚಿನ ಜಾಗ ಯಾರಿಂದಲೋ ಗೆದ್ದದ್ದಲ್ಲ, ಸಮುದ್ರ ತುಂಬಿ ಮಾಡಿಕೊಂಡದ್ದು. ಮೊದಮೊದಲು ತಮ್ಮದೇ ಗುಡ್ಡಗಳನ್ನು ಕಡಿದು ತಂದು ಸುರಿದರು. ಅದು ಸಾಲದಾಯಿತು. ಆಮೇಲೆ ಮಲೇಷ್ಯಾ, ಇಂಡೋನೇಷ್ಯಾ, ಕಾಂಬೋಡಿಯಾದ ಮರಳು ಬಂತು. 2007ರಲ್ಲಿ ಇಂಡೋನೇಷ್ಯಾ ಮರಳು ಕಳಿಸುವುದನ್ನು ನಿಲ್ಲಿಸಿತು. 2017ರಲ್ಲಿ ಕಾಂಬೋಡಿಯಾ ಕೂಡ.

ಈ ಕಥೆಯನ್ನು ಕಲೆ ಮಾಡಿದವರು ಸಿಂಗಾಪುರದ ಕಲಾವಿದ ಚಾರ್ಲ್ಸ್ ಲಿಮ್. ಅವರು ಹಿಂದೆ ಹಾಯಿದೋಣಿ ಆಟಗಾರ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸಿಂಗಾಪುರದ ಪರ ಸ್ಪರ್ಧಿಸಿದ್ದರು. ಗಾಳಿ, ಅಲೆ, ಆಳ ಎಲ್ಲ ಮೈಯಿಂದಲೇ ಬಲ್ಲವರು. 2005ರಿಂದ ‘ಸೀ ಸ್ಟೇಟ್’ ಎಂಬ ಕಲಾಕೃತಿಗಳ ಸರಣಿ ಮಾಡುತ್ತಾ ಬಂದಿದ್ದಾರೆ. ಸಮುದ್ರ ಎಷ್ಟು ಶಾಂತ, ಎಷ್ಟು ಒರಟು ಎಂದು ನಾವಿಕರು ಸೊನ್ನೆಯಿಂದ ಒಂಬತ್ತರವರೆಗೆ ಅಳೆಯುವ ಲೆಕ್ಕದ ಹೆಸರು ಅದು.

ಅದರಲ್ಲಿ ನನ್ನನ್ನು ಬಿಡದೆ ಕಾಡುವುದು ಸಾಜಹತ್. ಅದೊಂದು ಪುಟ್ಟ ದ್ವೀಪವಾಗಿತ್ತು. ಜಹತ್ ಎಂದರೆ ಮಲಯ ಭಾಷೆಯಲ್ಲಿ ಕೇಡು. ಸುತ್ತಲಿನ ಸಮುದ್ರ ತುಂಬುವಾಗ ಅದು ಹೊಸ ನೆಲದೊಳಗೆ ಸೇರಿಹೋಯಿತು. ದ್ವೀಪವೇ ಇಲ್ಲ! ಲಿಮ್ ಅದರ ಹೆಸರಿನಲ್ಲಿ ಒಂದು ಬೋಯಾ ಮಾಡಿದರು. ಹಡಗುಗಳಿಗೆ ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಡುತ್ತಾರಲ್ಲ, ಅದು. ಮನುಷ್ಯನಿಗಿಂತ ದೊಡ್ಡ ಕಬ್ಬಿಣದ ಗುರುತು, ಮೈತುಂಬ ಸಮುದ್ರದ ಚಿಪ್ಪು ಮೆತ್ತಿಕೊಂಡಿದೆ. 2015ರಲ್ಲಿ ಇಟಲಿಯ ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲಿ, ಸಿಂಗಾಪುರದ ಹೆಸರಿನ ಮಂಟಪದಲ್ಲಿ (ಪೆವಿಲಿಯನ್) ಅದು ಒಣ ನೆಲದ ಮೇಲೆ ನಿಂತಿತ್ತು. ನೀರೇ ಇಲ್ಲದ ಜಾಗದಲ್ಲಿ ನೀರಿನ ಗುರುತು. ಅದರ ಫೋಟೊ ನೋಡಿದಾಗ ನನಗೆ ಮುಳುಗಡೆಯಾದ ಊರಿನ ಗುಡಿಯ ಗೋಪುರ ನೆನಪಾಯಿತು.

‘ಪ್ರೊಕ್ಲಮೇಶನ್’ ಎಂಬುದು ಇದೇ ಸರಣಿಯ ಒಂಬತ್ತನೆಯದು. ಡ್ರೋನ್‌ನಿಂದ ತೆಗೆದ ದೃಶ್ಯಗಳು. ಮರಳು ಹೊತ್ತ ದೋಣಿಗಳು, ಯಂತ್ರಗಳು. ಭಾಗಗಳ ಹೆಸರೇ ಎಳೆ, ಬೀಳಿಸು, ಸುರಿ. ಹೊಸ ನೆಲ ತಯಾರಾದ ಮೇಲೆ ಅದು ಸರ್ಕಾರದ್ದು ಎಂದು ರಾಷ್ಟ್ರಪತಿ ಘೋಷಣೆ ಹೊರಡಿಸುತ್ತಾರೆ. ಶೀರ್ಷಿಕೆ ಬಂದದ್ದು ಅಲ್ಲಿಂದ. ನೋಡಿ, ನಿನ್ನೆಯವರೆಗೆ ಇನ್ನೊಬ್ಬರ ನದಿಯಲ್ಲಿದ್ದ ಮರಳು, ಒಂದು ಕಾಗದದಿಂದ ತಾಯ್ನೆಲ ಆಗಿಬಿಡುತ್ತದೆ.

ನೀರಿನ ಕಥೆಯೂ ಹೀಗೇ. 1962ರ ಒಪ್ಪಂದದ ಪ್ರಕಾರ ಸಿಂಗಾಪುರ ಮಲೇಷ್ಯಾದ ಜೋಹೊರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೆ ನೀರು ತೆಗೆದುಕೊಳ್ಳಬಹುದು, 2061ರವರೆಗೆ. ಸಾವಿರ ಗ್ಯಾಲನ್‌ಗೆ 3 ಸೆನ್, ಅಂದರೆ ಮಲೇಷ್ಯಾದ ಮೂರು ಪೈಸೆ. ಶುದ್ಧ ಮಾಡಿದ ನೀರಿನಲ್ಲಿ ಒಂದಿಷ್ಟನ್ನು ಜೋಹೊರ್ ವಾಪಸ್ ಕೊಳ್ಳುತ್ತದೆ. ಯಾರು ಯಾರ ಹಂಗಿನಲ್ಲಿದ್ದಾರೆ, ಹೇಳುವುದು ಕಷ್ಟ ಅಲ್ವಾ?

ನನ್ನ ಅಭಿಪ್ರಾಯ ಇಷ್ಟೇ. ದೇಶದ ಗುರುತು ಎಂದ ಕೂಡಲೇ ಬಾವುಟ, ಕೋಟೆ, ವೀರರ ಪ್ರತಿಮೆ ಮಾಡುವ ಕಲೆಗಿಂತ ಇದು ದೊಡ್ಡದು. ಲಿಮ್ ತಮ್ಮ ದೇಶವನ್ನು ಹೀಯಾಳಿಸಿಲ್ಲ. ಅದರ ಋಣವನ್ನು ತೋರಿಸಿದ್ದಾರೆ. ಅದಕ್ಕೂ ಪ್ರೀತಿ ಬೇಕು. ಇನ್ನೊಂದು ಮಾತು ಹೇಳಲೇಬೇಕು: ವೆನಿಸ್‌ಗೆ ಇದನ್ನು ಕಳಿಸಿದ್ದು ಅಲ್ಲಿನ ಸರ್ಕಾರದ್ದೇ ಕಲಾ ಮಂಡಳಿ. ದೇಶದ ಹೆಸರಿನ ಮನೆಯಲ್ಲಿ, ದೇಶದ ದುಡ್ಡಿನಲ್ಲಿ, ಕಳೆದುಹೋದ ದ್ವೀಪವನ್ನು ತೋರಿಸಿದರು. ನಮ್ಮಲ್ಲೂ ಅಂಥ ಧೈರ್ಯ ಬರಲಿ ಎಂಬ ಆಸೆ ನನಗಿದೆ.

ಇದು ದೂರದ ಮಾತು ಅಂತ ಅನ್ನಿಸಿದರೆ, ನೆನಪಿಸಿಕೊಳ್ಳಿ. 2018ರ ಸುಮಾರಿಗೆ ನಮ್ಮ ಹೊಳೆಗಳ ಮರಳು ಸಾಲದೆ, ಮಲೇಷ್ಯಾದ ಮರಳು ಮೂಟೆಗಳಲ್ಲಿ ಕರ್ನಾಟಕಕ್ಕೂ ಬಂದಿತ್ತು. ಯಾರದೋ ನದಿಯ ತಳ ಬೆಂಗಳೂರಿನ ಗೋಡೆಗಳಲ್ಲಿದೆ.

ಇವತ್ತು ಮನೆಯಲ್ಲಿ ಅಪ್ಪನನ್ನೋ ಅಜ್ಜನನ್ನೋ ಕೇಳಿ, ನಮ್ಮ ಮನೆ ಕಟ್ಟುವಾಗ ಮರಳು ಯಾವ ಹೊಳೆಯಿಂದ ಬಂತು ಅಂತ. ಆ ಹೊಳೆ ಈಗ ಹೇಗಿದೆ ಅಂತಲೂ ಕೇಳಿ. ನನಗೂ ತಿಳಿಸಿ.