ವಿಡಿಯೊ ಮುಗಿದ ಮೇಲೆ ವಿದ್ಯಾರ್ಥಿ ಏನು ಮಾಡುತ್ತಾರೆ?

ಎಲ್ಲರಿಗೂ ನಮಸ್ಕಾರ.

ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಕೆಲವು ವರ್ಷಗಳಿಂದ ಅದೇ ಪಾಠ ಆನ್‌ಲೈನ್‌ನಲ್ಲೂ ನಡೆಯುತ್ತಿದೆ. ಹೊಸದಾಗಿ ಆನ್‌ಲೈನ್ ಕೋರ್ಸ್ ಶುರು ಮಾಡುವ ಮೇಷ್ಟ್ರುಗಳು ಮೊದಲು ಕೇಳುವುದು ಯಾವ ಕ್ಯಾಮೆರಾ, ಯಾವ ಮೈಕ್ ಅಂತ. ಮೈಕ್ ಚೆನ್ನಾಗಿರಬೇಕು, ನಿಜ. ಆದರೆ ವಿಡಿಯೊ ಮುಗಿದ ಮೇಲೆ ವಿದ್ಯಾರ್ಥಿ ಏನು ಮಾಡಬೇಕು ಅನ್ನುವುದನ್ನು ಮೊದಲು ಬರೆದಿಟ್ಟುಕೊಳ್ಳಿ. ವಿಡಿಯೊ ಆಮೇಲೆ.

ತರಗತಿಯಲ್ಲಿ ಮುಖ ನೋಡಿದರೆ ಸಾಕು, ಅರ್ಥ ಆಗಿಲ್ಲ ಅಂತ ಗೊತ್ತಾಗುತ್ತದೆ. ಅಲ್ಲೇ ನಿಲ್ಲಿಸಿ ಇನ್ನೊಂದು ಉದಾಹರಣೆ ಕೊಡುತ್ತೇವೆ. ರೆಕಾರ್ಡ್ ಮಾಡುವಾಗ ಎದುರಿಗೆ ಆ ಮುಖಗಳಿಲ್ಲ. ಎಲ್ಲಿ ಎಡವುತ್ತಾರೆ ಅಂತ ಮುಂಚೆಯೇ ಊಹಿಸಿ, ಸರಿಯಾಗಿ ಅಲ್ಲೇ ಒಂದು ಪ್ರಶ್ನೆ ಇಡಬೇಕು.

ಒಂದು ಉದಾಹರಣೆ ನೋಡಿ. ಕಚೇರಿಯೊಂದರಲ್ಲಿ ಹತ್ತು ಜನ ಇದ್ದಾರೆ. ಒಂಬತ್ತು ಜನರಿಗೆ ಒಂದೇ ಸಂಬಳ. ಹತ್ತನೆಯವರಿಗೆ ಅದರ ಇಪ್ಪತ್ತು ಪಟ್ಟು. ಸರಾಸರಿ ಎಷ್ಟು ಅಂತ ಕೇಳಿದರೆ ಎಲ್ಲರೂ ಲೆಕ್ಕ ಹಾಕುತ್ತಾರೆ, ಸರಿಯಾದ ಉತ್ತರವನ್ನೇ ಬರೆಯುತ್ತಾರೆ. ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ಅದರ ಬದಲು, 'ಈ ಕಚೇರಿಗೆ ಕೆಲಸಕ್ಕೆ ಸೇರುವ ಗೆಳತಿಗೆ ಎಷ್ಟು ಸಂಬಳ ಸಿಗಬಹುದು ಅಂತ ಹೇಳುತ್ತೀರಿ, ಯಾಕೆ?' ಅಂತ ಕೇಳುತ್ತೇನೆ. ಇಲ್ಲಿ ಸರಾಸರಿ ತೆಗೆದರೆ ಒಂಬತ್ತು ಜನರ ಸಂಬಳದ ಸುಮಾರು ಮೂರು ಪಟ್ಟು ಬರುತ್ತದೆ. ಅಷ್ಟು ಸಂಬಳ ಅಲ್ಲಿ ಯಾರಿಗೂ ಇಲ್ಲ! ಅದನ್ನು ವಿದ್ಯಾರ್ಥಿ ತಾನೇ ಕಂಡುಕೊಂಡರೆ ಮಧ್ಯಾಂಕ, ಅಂದರೆ ಎಲ್ಲ ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ, ಯಾಕೆ ಬೇಕು ಅಂತ ನಾನು ವಿವರಿಸುವುದೇ ಜಾಸ್ತಿ ಇರುವುದಿಲ್ಲ.

ಈ ಪ್ರಶ್ನೆಯನ್ನು ಚರ್ಚೆಯ ಪುಟದಲ್ಲಿ ಹಾಕುವಾಗ ಒಂದು ಎಚ್ಚರಿಕೆ ಬೇಕು. ಮೊದಲು ಬರೆದವರ ಉತ್ತರ ಕಣ್ಣೆದುರಿಗಿದ್ದರೆ ಉಳಿದವರು ಅದನ್ನೇ ಸ್ವಲ್ಪ ತಿರುಗಿಸಿ ಬರೆಯುತ್ತಾರೆ. ಅವರ ತಪ್ಪೇನಿಲ್ಲ, ನಾವು ಇಟ್ಟ ವ್ಯವಸ್ಥೆಯೇ ಹಾಗಿದೆ. ಆನ್‌ಲೈನ್ ಪಾಠ ನಡೆಸುವ ತಂತ್ರಾಂಶವಾದ ಮೂಡಲ್‌ನಲ್ಲಿ (Moodle) ಪ್ರಶ್ನೋತ್ತರಕ್ಕೆಂದೇ ಒಂದು ಬಗೆಯ ಫೋರಂ ಇದೆ. ತಾನು ಬರೆಯುವ ತನಕ ಬೇರೆಯವರದು ಕಾಣುವುದಿಲ್ಲ. ಸಣ್ಣ ಸೌಲಭ್ಯ, ಆದರೆ ಚರ್ಚೆಯ ಬಣ್ಣವೇ ಬದಲಾಗುತ್ತದೆ.

ವಿಡಿಯೊ ವಿಚಾರ ಬೇಗ ಮುಗಿಸುತ್ತೇನೆ. ಎಡ್‌ಎಕ್ಸ್ (edX) ಅನ್ನುವ ಆನ್‌ಲೈನ್ ಕೋರ್ಸ್‌ಗಳ ತಾಣದ ನಾಲ್ಕು ಕೋರ್ಸ್‌ಗಳಲ್ಲಿ 69 ಲಕ್ಷ ಸಲ ವಿಡಿಯೊ ನೋಡಿದ್ದರ ದಾಖಲೆಯನ್ನು ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ ಬಂತು. ವಿಡಿಯೊ ಎಷ್ಟೇ ಉದ್ದ ಇರಲಿ, ಜನ ನೋಡುವ ಹೊತ್ತಿನ ಮಧ್ಯಾಂಕ ಆರು ನಿಮಿಷ ದಾಟಲಿಲ್ಲ. ಒಂದು ಗಂಟೆಯ ತರಗತಿಯನ್ನು ಹಾಗೇ ರೆಕಾರ್ಡ್ ಮಾಡಿ ಹಾಕುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆಗಳ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಇನ್ನೊಂದು ಕಾರಣವಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಕೆಲವರು ಒಂದು ಪಠ್ಯವನ್ನು ಎರಡು ಸಲ ಓದಿದರು. ಇನ್ನು ಕೆಲವರು ಒಂದು ಸಲ ಓದಿ, ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ಅವರಿಗೆ ಶೇ. 42ರಷ್ಟು ನೆನಪಿತ್ತು, ನೆನಪಿಸಿಕೊಂಡು ಬರೆದವರಿಗೆ ಶೇ. 56ರಷ್ಟು. ಹಾಗಾಗಿ ನನ್ನ ಕೋರ್ಸಿನಲ್ಲಿ ಪ್ರತಿ ವಾರ ಹಿಂದಿನ ವಾರದ ಪ್ರಶ್ನೆಗಳೂ ಬರುತ್ತವೆ. ಅದಕ್ಕೆ ಅಂಕ ತುಂಬಾ ಕಡಿಮೆ. ಹೆದರಿಸುವುದಕ್ಕಲ್ಲ ಅದು, ನೆನಪು ಗಟ್ಟಿಯಾಗಲಿ ಅಂತ.

ಇಷ್ಟೆಲ್ಲ ಮಾಡಿದರೂ ಉತ್ತರಗಳನ್ನು ಓದಿ, ಮರುಮಾತು ಬರೆಯುವವರು ಬೇಕು, ಅಲ್ವಾ? ಆಡಳಿತದವರು ಇದ್ದಾರೆ, ಅವರಿಗೂ ಒಂದು ಮಾತು. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಕೋರ್ಸನ್ನು ಎಲ್ಲರಿಗೂ ತೆರೆದಾಗ ಸುಮಾರು 1,60,000 ಜನ ಸೇರಿದರು. ಮುಗಿಸಿದವರು 23,000ದ ಆಸುಪಾಸು. ಉಚಿತವಾಗಿ ತೆರೆದಿಟ್ಟ ಪಾಠಕ್ಕೆ ಅದು ದೊಡ್ಡ ಸಾಧನೆಯೇ. ಆದರೆ ಪದವಿಗೆ ಓದುವ ವಿದ್ಯಾರ್ಥಿಗಳ ಮೇಲೆ ಆ ಲೆಕ್ಕ ಹೇರಬೇಡಿ. ಮೊದಲ ಎರಡು ವಾರದಲ್ಲಿ ಏನೂ ಬರೆಯದೆ ಸುಮ್ಮನಿದ್ದವರಿಗೆ ಹೆಸರು ಹಿಡಿದು ಒಂದು ಸಂದೇಶ ಕಳಿಸಬೇಕು. ಹಗಲು ಕೆಲಸ ಮಾಡಿ ರಾತ್ರಿ ಮೊಬೈಲಿನಲ್ಲಿ ಓದುವವರು ಅವರಲ್ಲಿ ಎಷ್ಟೋ ಜನ ಇರುತ್ತಾರೆ. ಒಬ್ಬ ಮೇಷ್ಟ್ರಿಗೆ ನೂರಾರು ವಿದ್ಯಾರ್ಥಿಗಳನ್ನು ಕೊಟ್ಟರೆ ಆ ಸಂದೇಶ ಹೋಗುವುದಿಲ್ಲ. ಆನ್‌ಲೈನ್ ಕೋರ್ಸಿಗೂ ತರಗತಿಯಷ್ಟೇ ಜನರನ್ನು ಸೇರಿಸಿ. ಪ್ರತಿಕ್ರಿಯೆ ಬರೆಯುವ ಹೊತ್ತನ್ನು ಬೋಧನೆಯ ಗಂಟೆಗಳಲ್ಲೇ ಸೇರಿಸಿ ಲೆಕ್ಕ ಹಾಕಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.