ಹೊಸ ಶಾಕ್ ಹಾಕಿಸಿದ ಮೇಲೂ ಕಟಕಟ ಸದ್ದು ಯಾಕೆ?

[ಲಿಫ್ಟ್ ಮೇಲೆ ಆಡಿ ಟಿಟಿ, ಮುಂದಿನ ಚಕ್ರ ಬಿಚ್ಚಿದೆ]

ನಮಸ್ಕಾರ. ಹೆಬ್ಬಾಳದ ಗ್ಯಾರೇಜಿನಲ್ಲಿದ್ದೀವಿ. ಬೆಂಗಳೂರಿನದಲ್ಲ, ನಮ್ಮ ಮೈಸೂರಿನ ಹೆಬ್ಬಾಳ! ಮೇಲಿರುವುದು 2006ರಲ್ಲಿ ಬಂದ ಎರಡನೇ ತಲೆಮಾರಿನ ಆಡಿ ಟಿಟಿ ಕಾರು. ಎಕ್ಸ್‌ಪ್ರೆಸ್‌ವೇಯಲ್ಲಿ ಏನೂ ಗೊತ್ತಾಗುವುದಿಲ್ಲ, ಮಂಡ್ಯದ ಒಳರಸ್ತೆಗೆ ಇಳಿದು ಒಂದು ಹಂಪ್ ದಾಟಿಸಿದರೆ ಸಾಕು, ಮೂತಿ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ.

ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತ ನಿಲ್ಲಿಸುವುದು ಶಾಕ್, ಅಂದರೆ ಶಾಕ್ ಅಬ್ಸಾರ್ಬರ್. ಒಳಗಿನ ಆಯಿಲ್ ಸಣ್ಣ ಸಣ್ಣ ತೂತಿನಲ್ಲಿ ನುಗ್ಗುವಾಗ ಆ ಕುಣಿತವೆಲ್ಲ ಶಾಖವಾಗಿ ಹೋಗುತ್ತದೆ, ಅಷ್ಟೇ ಕೆಲಸ.

[ಶಾಕ್ ಹತ್ತಿರದಿಂದ]

ತೆಳ್ಳಗೆ ಜಿಡ್ಡಿದ್ದರೆ ಗಾಬರಿ ಬೇಡ. ಇಲ್ಲಿ ನೋಡಿ, ಆಯಿಲ್ ಕೆಳಗಿನ ತನಕ ಇಳಿದು, ಧೂಳು ಮೆತ್ತಿಕೊಂಡು ಕಪ್ಪು ಕೆಸರಾಗಿದೆ. ಇದು ಮುಗಿದ ಶಾಕ್. ಒಂದೇ ಹೋಗಿದ್ದರೂ ಎಡ ಬಲ ಎರಡನ್ನೂ ಬದಲಾಯಿಸಿ. ಆರ್ಡರ್ ಮಾಡುವ ಮುಂಚೆ ನಿಮ್ಮ ಗಾಡಿಯಲ್ಲಿ ಮ್ಯಾಗ್ನೆಟಿಕ್ ರೈಡ್ (ಕರೆಂಟಿನಿಂದ ಶಾಕ್‌ನ ಬಿಗಿ ಬದಲಾಯಿಸುವ ವ್ಯವಸ್ಥೆ) ಇದೆಯಾ ನೋಡಿಕೊಳ್ಳಿ, ಅದಿದ್ದರೆ ಶಾಕ್‌ಗೆ ವೈರ್ ಬಂದಿರುತ್ತದೆ, ಸಾಮಾನ್ಯ ಶಾಕ್ ಹಾಕಿದರೆ ಮೀಟರಿನಲ್ಲಿ ಎಚ್ಚರಿಕೆ ದೀಪ ಹತ್ತಿಕೊಳ್ಳಬಹುದು.

ಈ ಗಾಡಿಯಲ್ಲಿ ಮುಂದಿನ ಶಾಕ್ ಕೆಳಗಡೆ ಒಂದು ಸೀಳಿರುವ ಹಿಡಿಕೆಯೊಳಗೆ ಕೂತಿರುತ್ತದೆ. ಆ ಸೀಳನ್ನು ಅಗಲಿಸಲು ಬೇರೆಯೇ ಟೂಲ್ ಇದೆ. ಅದಿಲ್ಲದೆ ಉಳಿ ಇಟ್ಟು ಸುತ್ತಿಗೆಯಲ್ಲಿ ಬಡಿಯುವವರಿಗೆ ದಯವಿಟ್ಟು ಗಾಡಿ ಕೊಡಬೇಡಿ.

[ಸ್ಪ್ರಿಂಗ್ ಕಂಪ್ರೆಸರ್]

ಅಪಾಯ ಇರುವುದು ಇಲ್ಲಿ. ಸ್ಪ್ರಿಂಗನ್ನು ಕಂಪ್ರೆಸರ್‌ನಲ್ಲಿ ಅದುಮಿ, ಅದು ಸೀಟಿನಿಂದ ಸಡಿಲ ಆಗಿದೆ ಅಂತ ಕೈಯಿಂದ ತಿರುಗಿಸಿ ನೋಡಿದ ಮೇಲೆಯೇ ಮೇಲಿನ ನಟ್ ಬಿಚ್ಚಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಮುಖಕ್ಕೇ ಹಾರುತ್ತದೆ. ನಟ್ ಜೊತೆ ಶಾಕ್‌ನ ರಾಡ್ ಕೂಡ ತಿರುಗಿದರೆ ಅಲೆನ್ ಕೀ ಹಾಕಿ ಹಿಡಿಯಿರಿ. ಇಕ್ಕಳದಲ್ಲಿ ಕಚ್ಚಿ ಹಿಡಿದರೆ ರಾಡಿನ ಹೊಳಪಿನ ಮೇಲೆ ಗೀರು ಬೀಳುತ್ತದೆ, ಆ ಗೀರು ಆಯಿಲ್ ತಡೆಯುವ ಸೀಲನ್ನು ಹರಿಯುತ್ತದೆ, ಹೊಸ ಶಾಕ್ ಕೂಡ ಸೋರಲು ಶುರು.

ಈಗ ಕಟಕಟ ವಿಷಯ. ಶಾಕ್ ಹೊಸದು, ಸ್ಪ್ರಿಂಗ್ ಹೊಸದು, ಶಾಕನ್ನು ಮೇಲೆ ಬಾಡಿಗೆ ಹಿಡಿಸುವ ಟಾಪ್ ಮೌಂಟ್ ಮಾತ್ರ ಹಳೆಯದೇ! ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಅದರ ಬೇರಿಂಗ್ ಸದ್ದು ಮಾಡುತ್ತದೆ. ಮೌಂಟ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒಳಗೆ ಹೋದಾಗ ತಡೆಯುವ ತುಂಡು), ರಾಡಿಗೆ ಧೂಳು ತಾಗದಂತೆ ಮುಚ್ಚುವ ಬೂಟು, ಇವನ್ನು ಒಟ್ಟಿಗೇ ತರಿಸಿ. ಉಳಿಸಲು ಹೋದರೆ ಮತ್ತೆ ಅದೇ ಬಿಚ್ಚುವ ಕೂಲಿ ಕೊಡಬೇಕು, ಅಲ್ವಾ?

ಇನ್ನೊಂದು ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದಿನ ಚಕ್ರಗಳನ್ನು ಹಿಡಿಯುವ ತೋಳುಗಳ ಬುಷ್ (ರಬ್ಬರ್ ಕೀಲು) ಬೋಲ್ಟನ್ನು ಲಿಫ್ಟ್ ಮೇಲೆ, ಚಕ್ರ ಜೋತಾಡುತ್ತಿರುವಾಗಲೇ ಪೂರ್ತಿ ಬಿಗಿದುಬಿಡುತ್ತಾರೆ. ಗಾಡಿ ಇಳಿಸಿದಾಗ ತೋಳು ಮೇಲೇರುತ್ತದೆ, ರಬ್ಬರ್ ನಿಂತಲ್ಲೇ ತಿರುಚಿಕೊಳ್ಳುತ್ತದೆ, ಸ್ವಲ್ಪ ದಿನಕ್ಕೇ ಬುಷ್ ಹರಿಯುತ್ತದೆ. ಮೊದಲು ಕೈಬಿಗಿ ಮಾತ್ರ. ಭಾರ ಚಕ್ರದ ಮೇಲೆ ಕೂತ ಮೇಲೆ ಟಾರ್ಕ್ ರೆಂಚ್, ಅಂದರೆ ಅಳತೆ ಇಟ್ಟು ಬಿಗಿಯುವ ಸ್ಪ್ಯಾನರ್. ಕಂಪನಿ ಇಷ್ಟು ಟಾರ್ಕ್, ಆಮೇಲೆ ಇಷ್ಟು ಡಿಗ್ರಿ ಅಂತ ಹೇಳಿರುವ ಬೋಲ್ಟ್‌ಗಳು ಬಿಗಿದಾಗ ಎಳೆದು ಉದ್ದವಾಗಿರುತ್ತವೆ, ಅವನ್ನು ಹೊಸದೇ ಹಾಕಿ.

ಕೊನೆಗೆ ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡಿಸುವುದು, ಇದನ್ನು ಬಿಡುವ ಹಾಗೇ ಇಲ್ಲ.

ಗಾಡಿ ತಗ್ಗಿಸುವ ಸ್ಪ್ರಿಂಗ್ ಹಾಕಲಾ ಅಂತ ಕೇಳುವವರಿಗೆ: ಬೇಡ. ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ನಮ್ಮ ರಸ್ತೆಗಳಲ್ಲಿ ಹೊಟ್ಟೆ ಉಜ್ಜಿಕೊಂಡೇ ಹೋಗಬೇಕಾಗುತ್ತದೆ, ಅದರ ಮೇಲೆ ಕಂಪನಿಯ ಶಾಕ್ ತನ್ನ ಅಳತೆಗಿಂತ ಜಾಸ್ತಿ ಒಳಗೇ ಕೂತು ಕೆಲಸ ಮಾಡಬೇಕು. ಸುಮ್ನೆ ಸ್ಟೈಲಿಗೆ ಅಂದರೆ ದೊಡ್ಡ ಅಲಾಯ್ ಹಾಕಿಸಿಕೊಳ್ಳಿ, ಅದನ್ನೂ ನಾನು ಹಾಕಿಸುವುದಿಲ್ಲ.